ಕಾರ್ಯಕ್ರಮ ಪಟ್ಟಿಯನ್ನೂ ಕಲೆಯಾಗಿಸಿದ ತುಲೂಸ್-ಲೊಟ್ರೆಕ್



ವಾರ್ಷಿಕೋತ್ಸವ ಮುಗಿದ ಮೇಲೆ ಕಾರ್ಯಕ್ರಮ ಪಟ್ಟಿಗಳು ಕುರ್ಚಿಗಳ ಕೆಳಗೆ ಬಿದ್ದಿರುತ್ತವೆ. ಮರುದಿನ ಕಸದ ಜೊತೆ ಗುಡಿಸಿ ಹಾಕುತ್ತೇವೆ. ಅಂಥದ್ದೇ ಹಾಳೆಗಳಿಗೆ ಮನಸ್ಸಿಟ್ಟು ಚಿತ್ರ ಬರೆದ ದೊಡ್ಡ ಕಲಾವಿದರೊಬ್ಬರಿದ್ದರು. ಅವರೇ ಫ್ರಾನ್ಸಿನ ಆನ್ರಿ ದ ತುಲೂಸ್-ಲೊಟ್ರೆಕ್.

ಅವರು ಹುಟ್ಟಿದ್ದು 1864ರ ನವೆಂಬರ್ 24ರಂದು, ಆಲ್ಬಿ ಎಂಬ ಊರಿನ ಸಿರಿವಂತ ಜಮೀನ್ದಾರಿ ಮನೆತನದಲ್ಲಿ. ತಂದೆ ಬೇಟೆ, ಕುದುರೆ ಸವಾರಿಗಳ ಶೋಕಿಯವರು. ತಂದೆ ತಾಯಿ ಇಬ್ಬರೂ ಹತ್ತಿರದ ರಕ್ತಸಂಬಂಧಿಗಳು. ಮಗುವಿನ ಮೂಳೆಗಳು ಹುಟ್ಟಿನಿಂದಲೇ ದುರ್ಬಲವಾಗಿದ್ದವು. ನಮ್ಮ ಹುಡುಗರು ಸ್ಕಂದಗಿರಿಯನ್ನು ಒಂದೇ ಉಸಿರಿಗೆ ಹತ್ತುವ ವಯಸ್ಸಿನಲ್ಲಿ, 1878ರಲ್ಲಿ ಒಂದು ತೊಡೆಯ ಮೂಳೆ, ಮರುವರ್ಷ ಇನ್ನೊಂದು ಮುರಿಯಿತು. ಆಮೇಲೆ ಕಾಲುಗಳು ಬೆಳೆಯಲೇ ಇಲ್ಲ. ಎತ್ತರ ಐದು ಅಡಿ ದಾಟಲಿಲ್ಲ. ಕುದುರೆ ಏರಲಾಗದ ಹುಡುಗ ಹಾಸಿಗೆಯಲ್ಲೇ ಕುದುರೆಗಳ ಚಿತ್ರ ಬರೆದ. ಅವರ ಮೊದಲ ಗುರು ರೆನೆ ಪ್ರಾನ್ಸ್ತೊ ಕಿವಿ ಕೇಳದ ಕಲಾವಿದರು.

1882ರಲ್ಲಿ ಪ್ಯಾರಿಸ್ ಸೇರಿದ ಲೊಟ್ರೆಕ್, ಕಲಾಶಾಲೆಯಲ್ಲಿ ವಿನ್ಸೆಂಟ್ ವ್ಯಾನ್ ಗೋ ಅವರ ಗೆಳೆಯರಾದರು. 1891ರಲ್ಲಿ ಒಂದು ನೃತ್ಯಶಾಲೆಗಾಗಿ ಬರೆದ ಭಿತ್ತಿಚಿತ್ರ ಊರಿನ ಗೋಡೆಗಳ ಮೇಲೆ ಅಂಟಿದ ಕೂಡಲೇ ಅವರ ಹೆಸರು ಮನೆಮಾತಾಯಿತು.

ಆಗ ಪ್ಯಾರಿಸ್ಸಿನಲ್ಲಿ ಹೊಸ ಬಗೆಯ ನಾಟಕ ತಂಡಗಳು ಹುಟ್ಟಿದ್ದವು. ಗ್ಯಾಸ್ ಕಂಪನಿಯ ಗುಮಾಸ್ತರಾಗಿದ್ದ ಆಂದ್ರೆ ಆಂತ್ವಾನ್ 1887ರಲ್ಲಿ ‘ತೆಯಾತ್ರ್ ಲೀಬ್ರ್’, ಅಂದರೆ ಮುಕ್ತ ರಂಗಭೂಮಿ ಕಟ್ಟಿದರು. ಚಂದಾದಾರರಿಗೆ ಮಾತ್ರ ನಾಟಕ ತೋರಿಸಿದ್ದರಿಂದ ಸರ್ಕಾರದ ಕತ್ತರಿಯಿಂದ ಅದು ತಪ್ಪಿಸಿಕೊಂಡಿತು. ಇಂಥ ತಂಡಗಳ ಕಾರ್ಯಕ್ರಮ ಪಟ್ಟಿಗಳನ್ನು ಹೊಸ ಚಿತ್ರಕಾರರು ಕಲ್ಲಚ್ಚಿನಲ್ಲಿ ಬರೆಯುತ್ತಿದ್ದರು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು ನೀರು ಸವರಿದರೆ, ಜಿಡ್ಡಿರುವಲ್ಲಿ ಮಾತ್ರ ಶಾಯಿ ಹಿಡಿಯುತ್ತದೆ. ನಮ್ಮ ಉರ್ದು ಪುಸ್ತಕಗಳೂ ಬಹುಕಾಲ ಇದೇ ಕಲ್ಲಚ್ಚಿನಲ್ಲಿ ಅಚ್ಚಾದವು.

1894ರಲ್ಲಿ ಈ ತಂಡದ ‘ಮಿಷನರಿ’ ನಾಟಕದ ಪಟ್ಟಿಗೆ ಲೊಟ್ರೆಕ್ ಬರೆದದ್ದು ನಾಟಕದ ನಾಯಕನನ್ನಲ್ಲ, ದುರ್ಬೀನು ಹಿಡಿದು ಕುಳಿತ ಪ್ರೇಕ್ಷಕಿಯನ್ನು! ಬೇರೆಯವರ ಕಣ್ಣಿಗೆ ಬೀಳದವರನ್ನು ಅವರು ನೋಡಬಲ್ಲವರಾಗಿದ್ದರು.

ಮುಂದಿನ ವರ್ಷ ‘ತೆಯಾತ್ರ್ ದ ಲೌವ್ರ್’ ಎಂಬ ಇನ್ನೊಂದು ಪ್ರಯೋಗಶೀಲ ತಂಡ ನಮ್ಮ ಶೂದ್ರಕನ ‘ಮೃಚ್ಛಕಟಿಕ’ವನ್ನು ಫ್ರೆಂಚ್ ಭಾಷೆಯಲ್ಲಿ ಆಡಿತು. ಪಕ್ಕದ ಮನೆಯ ಮಗುವಿನ ಚಿನ್ನದ ಬಂಡಿ ನೋಡಿ, ತನ್ನ ಮಣ್ಣಿನ ಬಂಡಿ ಬೇಡವೆಂದು ಅಳುವ ಬಡವರ ಮಗುವಿನಿಂದ ಆ ನಾಟಕಕ್ಕೆ ಹೆಸರು ಬಂದಿದೆ. ಗಿರೀಶ ಕಾರ್ನಾಡರು 1984ರ ‘ಉತ್ಸವ್’ ಚಿತ್ರಕ್ಕೆ ಆರಿಸಿಕೊಂಡದ್ದೂ ಇದೇ ಕಥೆಯನ್ನು. ಅದರ ಕಾರ್ಯಕ್ರಮ ಪಟ್ಟಿಗೆ ಲೊಟ್ರೆಕ್ ಆನೆಯ ಚಿತ್ರ ಬರೆದರು. ರಂಗಸಜ್ಜಿಕೆಗೂ ಕೈ ಜೋಡಿಸಿದರು.

ದುಃಖದ ಸಂಗತಿಯೆಂದರೆ, ನೋವು, ಅವಮಾನಗಳನ್ನು ಮರೆಯಲು ಅವರು ಕುಡಿತಕ್ಕೆ ಶರಣಾದರು. 1899ರಲ್ಲಿ ಆಸ್ಪತ್ರೆ ಸೇರಿದಾಗ, ನೆನಪಿನಿಂದಲೇ ಸರ್ಕಸ್ಸಿನ ಚಿತ್ರಗಳನ್ನು ಬರೆದು ತಮ್ಮ ಬುದ್ಧಿ ಸ್ವಸ್ಥವಾಗಿದೆಯೆಂದು ತೋರಿಸಿ ಹೊರಬಂದರು. ಆದರೆ ಕುಡಿತ ಬಿಡಲಿಲ್ಲ. 1901ರ ಸೆಪ್ಟೆಂಬರ್ 9ರಂದು, 36ನೇ ವಯಸ್ಸಿನಲ್ಲಿ, ತಾಯಿಯ ಮನೆಯಲ್ಲಿ ಕಣ್ಣುಮುಚ್ಚಿದರು. ಮುರಿದ ಕಾಲು ತಡೆಯಲಾಗದ ಕೈಯನ್ನು ಕುಡಿತ ತಡೆಯಿತು.

ತಾಯಿ ಮಗನ ಕೃತಿಗಳನ್ನು ಜೋಪಾನ ಮಾಡಿ ಆಲ್ಬಿ ಊರಿಗೆ ಕೊಟ್ಟರು. 1922ರಲ್ಲಿ ಅಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಒಂದು ಸಂಜೆಯ ಬಳಕೆಗೆಂದು ಅಚ್ಚಾದ ಆ ಪಟ್ಟಿಗಳನ್ನು ಇಂದು ಹಲವು ದೇಶಗಳ ಸಂಗ್ರಹಾಲಯಗಳು ಕಾಪಾಡುತ್ತಿವೆ.

ಕಾಲೇಜಿನ ಭಿತ್ತಿಪತ್ರಿಕೆಗೆ ಅಂಚು ಬರೆಯುವ, ಸಮಾರಂಭದ ಫಲಕಕ್ಕೆ ಬಣ್ಣ ಹಚ್ಚುವ ಗೆಳೆಯ ಗೆಳತಿಯರೇ, ಕೆಲಸ ಚಿಕ್ಕದೆಂದು ಕೈ ಸಡಿಲ ಬಿಡಬೇಡಿ.