ಬಣ್ಣ ಕಳಚಿ ಸ್ವರ ಹಿಡಿದ ಬಾಲನಟ

ಮಲ್ಲಿಕಾರ್ಜುನ ಮನಸೂರರನ್ನು ಜಯಪುರ-ಅತ್ರೌಲಿ ಘರಾಣೆಯ ಮೇರು ಗಾಯಕರೆಂದು ದೇಶವೇ ಬಲ್ಲದು. ಆದರೆ ಜನ ಅವರನ್ನು ಮೊದಲು ಕಂಡದ್ದು ಮುಖಕ್ಕೆ ಬಣ್ಣ ಹಚ್ಚಿಕೊಂಡ ಬಾಲನಟನಾಗಿ. ವಾರ್ಷಿಕ ಸ್ನೇಹ ಸಮ್ಮೇಳನಕ್ಕೆಂದು ವರ್ಷವರ್ಷವೂ ಮಕ್ಕಳನ್ನು ರಂಗಕ್ಕೆ ಹತ್ತಿಸಿದ ಶಿಕ್ಷಕನಾದ ನನಗೆ ಅವರ ಬಾಳಿನ ಈ ಭಾಗವೇ ಹೆಚ್ಚು ಹತ್ತಿರದ್ದು. ಚಿಕ್ಕಂದಿನಲ್ಲೇ ಚಪ್ಪಾಳೆ ಗಿಟ್ಟಿಸಿದ ಮಗು ಮುಂದೇನು ಮಾಡಬೇಕು ಎಂಬ ಪ್ರಶ್ನೆ ನನ್ನನ್ನು ಕಾಡುತ್ತಲೇ ಇದೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಅದನ್ನೇ ಬರೆಯುತ್ತಿದ್ದೇನೆ.

ಮನಸೂರರು ಹುಟ್ಟಿದ್ದು 1910ರ ಡಿಸೆಂಬರ್ 31ರಂದು, ಧಾರವಾಡದ ಮಗ್ಗುಲಿನ ಮನಸೂರು ಗ್ರಾಮದಲ್ಲಿ. ತಂದೆ ಭೀಮರಾಯಪ್ಪ, ತಾಯಿ ನೀಲಮ್ಮ, ಒಕ್ಕಲುತನದ ಮನೆ. ಅಣ್ಣ ಬಸವರಾಜರಿಗೆ ನಾಟಕದ ನಂಟಿತ್ತು. ಆ ದಾರಿಯಲ್ಲೇ ತಮ್ಮನೂ ಎಳವೆಯಲ್ಲಿ ರಂಗಕ್ಕೆ ಬಂದರು. ವಾಮನರಾವ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿಯಲ್ಲಿ ಪ್ರಹ್ಲಾದ, ಧ್ರುವ, ನಾರದರ ಪಾತ್ರ ಮಾಡಿದರು. ಅಂದಿನ ಕಂಪನಿ ನಾಟಕದಲ್ಲಿ ನಟನಾದವನು ಹಾಡಲೇಬೇಕು. ಕಡೆಯ ಸಾಲಿನಲ್ಲಿ ಕೂತವನಿಗೂ ಅದು ಕೇಳಬೇಕು. ಜನ ಮೆಚ್ಚಿದರೆ ಒನ್ಸ್ ಮೋರ್ ಕೂಗು ಬೀಳುತ್ತಿತ್ತು. ಇದೇ ಕಾಲದಲ್ಲಿ ಅಪ್ಪಯ್ಯಸ್ವಾಮಿಗಳಿಂದ ಅವರಿಗೆ ಕರ್ನಾಟಕ ಸಂಗೀತದ ಮೊದಲ ಪಾಠವಾಯಿತು.

ಹಾಡುವ ಹುಡುಗ ಕಂಪನಿಗೆ ಬಂಗಾರವಿದ್ದಂತೆ. ಆದರೆ ಬಾಲಪಾತ್ರಗಳ ಆಯುಷ್ಯ ಕಡಿಮೆ. ಮೀಸೆ ಮೂಡಿ ಧ್ವನಿ ಒಡೆದರೆ ಪ್ರಹ್ಲಾದನ ಪಾತ್ರ ಇನ್ನೊಬ್ಬನ ಪಾಲು. ಮನಸೂರರ ದಾರಿ ಅದಕ್ಕೂ ಮೊದಲೇ ತಿರುಗಿತು. ಮೀರಜಿನ ನೀಲಕಂಠಬುವಾ ಹುಡುಗನ ಕಂಠ ಮೆಚ್ಚಿ ಶಿಷ್ಯನನ್ನಾಗಿ ಸ್ವೀಕರಿಸಿದರು. ಅವರಲ್ಲಿ ವರ್ಷಗಟ್ಟಲೆ ಗ್ವಾಲಿಯರ್ ಪದ್ಧತಿಯ ಅಭ್ಯಾಸ ನಡೆಯಿತು. ರಂಗದ ಮೇಲೆ ಮೆರೆದವನು ಗುರುವಿನೆದುರು ಷಡ್ಜದಿಂದ ಆರಂಭಿಸಬೇಕಾಯಿತು. ಅಲ್ಲಿ ಚಪ್ಪಾಳೆಯಿಲ್ಲ, ತಪ್ಪಿದರೆ ಮತ್ತೆ ಹಾಡಬೇಕು.

ಮುಂದೆ ಗ್ರಾಮಫೋನ್ ತಟ್ಟೆಗಳಿಂದ ಹೆಸರು ಬಂತು. ಅಲ್ಲಿಗೇ ನಿಂತಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಅಲ್ಲಾದಿಯಾ ಖಾನರ ಮಗ ಮಂಜಿ ಖಾನರಲ್ಲಿ ಮತ್ತೆ ಶಿಷ್ಯರಾದರು. ಮಂಜಿ ಖಾನರು ಬೇಗನೆ ತೀರಿಕೊಂಡಾಗ ಅವರ ತಮ್ಮ ಭುರ್ಜಿ ಖಾನರಲ್ಲಿ ಕಲಿಕೆ ಮುಂದುವರಿಸಿದರು. ಹೆಸರು ಬಂದ ಮೇಲೂ ಕಲಿಯಲು ಕುಳಿತ ಈ ಧೈರ್ಯ ನನಗೆ ಅವರ ಎಲ್ಲ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ಶುದ್ಧ ನಟ್, ಬಹಾದುರಿ ತೋಡಿ, ಆಸಾ ಜೋಗಿಯಾದಂತಹ ಅಪರೂಪದ ರಾಗಗಳು ಅವರ ಕಂಠದಲ್ಲಿ ನೆಲೆಸಿದ್ದು ಹೀಗೆ. ಶರಣರ ವಚನಗಳನ್ನೂ ಅವರು ಮನದುಂಬಿ ಹಾಡಿದರು. ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದರು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತ ಕಲಿಸಿದರು.

ದೊಡ್ಡ ಗೌರವಗಳು ಬಂದದ್ದು ತಡವಾಗಿ. 1970ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು ಅರವತ್ತರ ಹತ್ತಿರ. 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ. ಅದೇ ವರ್ಷ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಧಾರವಾಡದ ಅವರ ಮನೆ ‘ಮೃತ್ಯುಂಜಯ’ ಈಗ ಸ್ಮಾರಕವಾಗಿದೆ. ಬಾಲ್ಯದ ಚಪ್ಪಾಳೆಗೂ ಈ ಮನ್ನಣೆಗೂ ನಡುವೆ ಸುಮಾರು ಅರ್ಧ ಶತಮಾನದ ರಿಯಾಜಿದೆ. ನಮ್ಮ ಶಾಲೆಗೆ ಈಗ ಆಗಿರುವ ವಯಸ್ಸೂ ಅಷ್ಟೇ.

ಮನಸೂರರು ಹೆಚ್ಚು ಶಾಲೆ ಕಲಿಯಲಿಲ್ಲವಲ್ಲ ಎಂದು ನೆಪ ಹೇಳುವ ಹುಡುಗರನ್ನು ನಾನು ಬಲ್ಲೆ. ಶಾಲೆ ಬಿಟ್ಟರೂ ಅವರು ಕಲಿಕೆ ಬಿಡಲಿಲ್ಲ, ಗುರುವನ್ನು ಬಿಡಲಿಲ್ಲ. ‘ನನ್ನ ರಸಯಾತ್ರೆ’ ಎಂಬ ಅವರ ಆತ್ಮಕಥೆ ಓದಿದರೆ ಇದು ತಿಳಿಯುತ್ತದೆ. ಹಾಗೆಯೇ, ನಾಟಕ, ಹಾಡು ಎಂದರೆ ಮಗ ಕೆಟ್ಟನೆಂದು ಅಂಜುವ ಪಾಲಕರಿಗೂ ಒಂದು ಮಾತು ಹೇಳಬೇಕು. ರಂಗ ಆ ಹುಡುಗನನ್ನು ಕೆಡಿಸಲಿಲ್ಲ. ಅವನ ಕಂಠವನ್ನು ಗುರುವಿನ ಕಿವಿಗೆ ಮುಟ್ಟಿಸಿತು. ಸ್ನೇಹ ಸಮ್ಮೇಳನದಲ್ಲಿ ನಿಮ್ಮ ಮಗು ಚೆನ್ನಾಗಿ ಹಾಡಿದರೆ ಬೆನ್ನು ತಟ್ಟಿರಿ. ಮರುದಿನ ಬೆಳಿಗ್ಗೆ ಮತ್ತೆ ಅಭ್ಯಾಸಕ್ಕೆ ಕೂರಿಸಿರಿ.