ಬೀದಿಯ ಕೀರ್ತನಕಾರ ಶ್ರೀ ಗಾಡಗೇ ಮಹಾರಾಜರು

ಮೂರು ವರ್ಷಗಳ ಹಿಂದೆ ನಮ್ಮ ಸೋದರಮಾವನವರು ಗಂಟಲ ಬೇನೆಯ ಚಿಕಿತ್ಸೆಗಾಗಿ ವಿಜಯಪುರದ ಕಡೆಯ ಹಳ್ಳಿಯೊಂದರಿಂದ ಮುಂಬಯಿಗೆ ಬಂದರು. ಪರೇಲಿನ ಟಾಟಾ ಆಸ್ಪತ್ರೆಗೆ ತಿಂಗಳುಗಟ್ಟಲೆ ಎಡತಾಕಬೇಕಾಗಿದ್ದಿತು. ನಮ್ಮದೋ ಒಂದು ಕೋಣೆ, ಒಂದು ಅಡಿಗೆಮನೆಯ ಬಿಡಾರ. ಐದು ಜನರಿರುವಲ್ಲಿ ಆರನೆಯವರಿಗೆ, ಅದೂ ರೋಗಿಗೆ, ಹಾಸಿಗೆ ಹಾಸುವುದೆಲ್ಲಿ? ಈ ಸಂಕಟವು ವಾಚಕರಲ್ಲಿ ಅನೇಕರಿಗೆ ಹೊಸದಾಗಿರಲಾರದು. ಬ್ಯಾಂಕಿನ ಸಹೋದ್ಯೋಗಿಯೊಬ್ಬರು ದಾದರಿನಲ್ಲಿರುವ ಗಾಡಗೇ ಮಹಾರಾಜ ಧರ್ಮಶಾಲೆಯ ಹೆಸರು ಹೇಳಿದರು. ಅಲ್ಲಿ ಮಾವನವರಿಗೆ ಸ್ಥಳ ಸಿಕ್ಕಿತು.

ಅಲ್ಲಿಯ ಗೋಡೆಯ ಮೇಲೆ ಒಂದು ಪಟವಿದ್ದಿತು. ಕೆದರಿದ ಗಡ್ಡ, ಚಿಂದಿಯನ್ನು ಕೂಡಿಸಿ ಹೊಲಿದ ಅಂಗಿ, ಕೈಯಲ್ಲಿ ಕೋಲು. ಇವರು ಯಾವ ಅಜ್ಜನವರೆಂದು ಮಾವನವರು ಕೇಳಿದರು. ಹದಿನೆಂಟು ವರ್ಷ ಈ ನಗರದ ನೀರು ಕುಡಿದ ನಮಗೆ ಹೆಸರಿನ ಹೊರತು ಮತ್ತೇನೂ ಹೇಳಲು ಬರಲಿಲ್ಲ. ಅಂದು ಆದ ನಾಚಿಕೆಯೇ ಈ ಲೇಖನಕ್ಕೆ ಕಾರಣ. ರಾಜ್ಯೋತ್ಸವದ ಸಂಚಿಕೆಯಲ್ಲಿ ಮರಾಠಿ ಸಂತನ ಚರಿತ್ರೆ ಏಕೆಂದು ಯಾರಾದರೂ ಕೇಳಬಹುದು. ಅನ್ನ ಕೊಟ್ಟ ಊರಿನ ಹಿರಿಯರನ್ನು ಅರಿಯುವುದೂ ನಮ್ಮ ಮನೆತನದ ರೀತಿಯೇ ಎಂದು ನಾವು ತಿಳಿದಿದ್ದೇವೆ.

ಅವರ ಮೊದಲಿನ ಹೆಸರು ದೇಬೂಜಿ ಝಿಂಗರಾಜಿ ಜಾನೋರಕರ. ವಿದರ್ಭದ ಅಮರಾವತಿ ಜಿಲ್ಲೆಯ ಶೇಂಡಗಾವಿನಲ್ಲಿ 1876ರ ಫೆಬ್ರುವರಿ 23ರಂದು ಜನನ. ಕುಲದಿಂದ ಪರೀಟರು, ಅಂದರೆ ಮಡಿವಾಳರು. ಮಡಿವಾಳ ಮಾಚಯ್ಯನ ನಾಡಿನವರಾದ ನಮಗೆ ಇದು ತಟ್ಟನೆ ಮನಸ್ಸಿಗೆ ಹತ್ತುವ ಸಂಗತಿ. ತಂದೆಯು ಕುಡಿತಕ್ಕೆ ಬಿದ್ದು ಮನೆ ಹಾಳಾಗಿ, ಮಗನು ಚಿಕ್ಕವನಿರುವಾಗಲೇ ತೀರಿಕೊಂಡನು. ತಾಯಿ ಸಖೂಬಾಯಿಯು ಹುಡುಗನನ್ನು ಕರೆದುಕೊಂಡು ಮೂರ್ತಿಜಾಪುರದ ಹತ್ತಿರದ ದಾಪುರಿಯಲ್ಲಿದ್ದ ತವರಿಗೆ ಬಂದಳು. ಶಾಲೆಯ ಮೆಟ್ಟಿಲು ಹತ್ತುವ ಯೋಗವಿರಲಿಲ್ಲ. ದನ ಕಾಯುವುದು, ನೇಗಿಲು ಹೊಡೆಯುವುದು, ರಾತ್ರಿ ಊರಿನವರೊಡನೆ ಭಜನೆಗೆ ಕುಳಿತುಕೊಳ್ಳುವುದು, ಇಷ್ಟೇ ಅವರ ವಿದ್ಯಾಭ್ಯಾಸ.

ಸೋದರಮಾವ ಚಂದ್ರಭಾನನ ಹೊಲವು ಸಾವುಕಾರನ ಪಾಲಾದ ಕಥೆಯನ್ನು ಚರಿತ್ರಕಾರರೆಲ್ಲರೂ ಹೇಳುತ್ತಾರೆ. ಮಾವನು ಸಾಲದ ಹಣವನ್ನು ಸಲ್ಲಿಸುತ್ತ ಬಂದಿದ್ದನಂತೆ, ಆದರೆ ಓದುಬರಹ ತಿಳಿಯದವನಾದುದರಿಂದ ಪಾವತಿ ಪಡೆದಿರಲಿಲ್ಲ. ಸಾವುಕಾರನ ಪುಸ್ತಕದಲ್ಲಿ ಸಾಲವು ಮೊದಲಿದ್ದಂತೆಯೇ ಇದ್ದಿತು. ದಿನವೂ ಲೆಕ್ಕದ ಪುಸ್ತಕಗಳ ನಡುವೆಯೇ ಕೂಡ್ರುವ ನಮಗೆ, ಒಂದು ಚೂರು ಕಾಗದವಿಲ್ಲದೆ ಒಂದು ಮನೆತನವು ಮುಳುಗಿದ ಈ ಸಂಗತಿಯನ್ನು ಓದಿದಾಗ ಎದೆ ಧಸಕ್ಕೆಂದಿತು. ಮುಂದೆ ತಮ್ಮ ಕೀರ್ತನೆಗಳಲ್ಲಿ ಬಾಬಾ ಅವರು ಸಾಲ ಮಾಡಬೇಡಿರಿ, ಮಕ್ಕಳಿಗೆ ಅಕ್ಷರ ಕಲಿಸಿರಿ ಎಂದು ಜೀವ ಹಿಂಡಿ ಹೇಳುತ್ತಿದ್ದುದರ ಬೇರು ಇಲ್ಲಿದೆ.

1892ರಲ್ಲಿ ಕುಂತಾಬಾಯಿಯೊಡನೆ ಲಗ್ನವಾಯಿತು, ಮಕ್ಕಳಾದವು. ಮಗುವಿನ ನಾಮಕರಣಕ್ಕೆ ಕುಲದ ಪದ್ಧತಿಯಂತೆ ಮಾಂಸ, ಮದ್ಯಗಳ ಊಟ ಹಾಕಬೇಕು. ದೇಬೂಜಿಯು ಸಿಹಿ ಊಟ ಹಾಕಿದನು, ಜಾತಿಯವರು ಸಿಟ್ಟಾದರು. 1905ರ ಫೆಬ್ರುವರಿ 1ರಂದು ಆತನು ಮನೆ ಬಿಟ್ಟು ಹೊರಟುಹೋದನು. ಹಿಂದೆ ಉಳಿದವರು ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ. ಸಂಸಾರಿಗಳಾದ ನಮಗೆ ಇದನ್ನು ಮನಸಾರೆ ಒಪ್ಪುವುದು ಕಠಿಣ. ಸಂತರ ಚರಿತ್ರೆಗಳಲ್ಲಿ ಹಿಂದೆ ಉಳಿದ ಹೆಂಡತಿಯ ಅಧ್ಯಾಯವು ಯಾವಾಗಲೂ ಚಿಕ್ಕದಾಗಿಯೇ ಇರುತ್ತದೆ.

ಅನಂತರ ಹನ್ನೆರಡು ವರ್ಷ ಅಲೆದಾಟ. ಹರಕು ಅರಿವೆ, ಕೈಯಲ್ಲಿ ಕಸಬರಿಗೆ, ತಲೆಯ ಮೇಲೆ ಬೋರಲಾಗಿ ಒಂದು ಒಡಕು ಗಡಿಗೆ. ಮಳೆಬಿಸಿಲಿಗೆ ಅದೇ ಟೊಪ್ಪಿಗೆ, ಹಸಿವಾದಾಗ ಅದೇ ಊಟದ ಪಾತ್ರೆ, ಬಾಯಾರಿದಾಗ ಅದೇ ತಂಬಿಗೆ. ನಾವು ಗಡಿಗೆ ಎನ್ನುವುದನ್ನೇ ಮರಾಠಿಯವರು ಗಾಡಗೇ ಎನ್ನುತ್ತಾರೆ. ಜನರು ಆ ಹೆಸರಿನಿಂದಲೇ ಅವರನ್ನು ಕರೆಯತೊಡಗಿದರು. ನಮ್ಮ ಪುರಂದರದಾಸರು ಸಂಪತ್ತನ್ನೆಲ್ಲ ತೊರೆದು ತಂಬೂರಿ ಹಿಡಿದು ಬೀದಿಗಿಳಿದರು. ದೇಬೂಜಿಗೆ ತೊರೆಯಲು ಸಂಪತ್ತೆಂಬುದಿರಲಿಲ್ಲ, ತಂಬೂರಿಯ ಸ್ಥಾನದಲ್ಲಿ ಕಸಬರಿಗೆ ಬಂದಿತು, ಅಷ್ಟೆ.

ಅವರ ರೀತಿಯು ಹೀಗಿದ್ದಿತು. ಬೆಳಿಗ್ಗೆ ಒಂದು ಊರಿಗೆ ಬಂದರೆ ಯಾರ ಮನೆಗೂ ಹೋಗದೆ, ಯಾರನ್ನೂ ಕೇಳದೆ ಓಣಿ ಗುಡಿಸಲು ತೊಡಗುವರು. ಮೋರಿಯ ಕೆಸರು ಬಳಿಯುವರು. ಹುಚ್ಚನೆಂದು ಹುಡುಗರು ಹಿಂದೆ ಬೀಳುವರು. ಮಧ್ಯಾಹ್ನದ ಹೊತ್ತಿಗೆ ಊರಿನ ನಾಲ್ಕು ಜನ ನಾಚಿ ತಾವೂ ಸಲಿಕೆ ಹಿಡಿಯುವರು. ಯಾರಾದರೂ ರೊಟ್ಟಿ ಚಟ್ನಿ ಕೊಟ್ಟರೆ ಗಡಿಗೆಯಲ್ಲಿ ಹಾಕಿಕೊಂಡು ಮರದ ಕೆಳಗೆ ಕುಳಿತು ತಿನ್ನುವರು. ಸಂಜೆಗೆ ತಾವು ಗುಡಿಸಿದ ಅದೇ ಬಯಲಿನಲ್ಲಿ ಕೀರ್ತನೆ.

ಆ ಕೀರ್ತನೆಯಲ್ಲಿ ಶಾಸ್ತ್ರೋಕ್ತ ಪೂರ್ವರಂಗ ಉತ್ತರರಂಗಗಳಿಲ್ಲ, ಜರಿಯ ರುಮಾಲಿಲ್ಲ. ಗೋಪಾಲನ ನಾಮಘೋಷದಿಂದ ಆರಂಭ, ನಡುನಡುವೆ ತುಕಾರಾಮರ ಅಭಂಗ, ಮಿಕ್ಕದ್ದೆಲ್ಲ ವರ್ಹಾಡದ ಹಳ್ಳಿಗಾಡಿನ ಮರಾಠಿಯಲ್ಲಿ ಸವಾಲು ಜವಾಬು. ಬಾಬಾ ಪ್ರಶ್ನೆ ಕೇಳುವರು, ಸಾವಿರಾರು ಜನ ಒಮ್ಮೆಲೇ ಉತ್ತರ ಕೊಡುವರು. ದೇವರಿಗೆ ಸ್ನಾನ ಮಾಡಿಸುವವರು ಯಾರು, ಊಟ ಬಡಿಸುವವರು ಯಾರು, ಮಗ್ಗುಲಲ್ಲಿ ನಿಂತು ಹಸಿದಿರುವವನು ಯಾರು ಎಂದು ಒಂದೊಂದೇ ಮೆಟ್ಟಿಲಾಗಿ ಕೇಳುತ್ತ ಹೋಗಿ, ಕೊನೆಗೆ ಜನರ ಬಾಯಿಂದಲೇ ಜನರ ಅವಿವೇಕವನ್ನು ಆಡಿಸಿಬಿಡುವರು. ನಕ್ಕು ನಕ್ಕು ಸುಸ್ತಾದವರೇ ಮರುಗಳಿಗೆಯಲ್ಲಿ ಕಣ್ಣೊರಸಿಕೊಳ್ಳುವರು. ಕುರಿ ಕೋಣ ಕಡಿಯಬೇಡಿರಿ, ಮುಟ್ಟುತಟ್ಟು ಬಿಡಿರಿ, ಹೆಂಡ ಬಿಡಿರಿ, ಊಟದ ತಾಟು ಮಾರಿಯಾದರೂ ಮಗುವನ್ನು ಶಾಲೆಗೆ ಹಾಕಿರಿ ಎಂಬುದು ಅದರ ತಿರುಳು. ವೇದಾಂತವನ್ನು ಹುಡುಕಿಕೊಂಡು ಹೋದವರಿಗೆ ನಿರಾಶೆಯಾದೀತು.

ಕೀರ್ತನೆ ಮುಗಿಯುತ್ತಲೇ ಕತ್ತಲಲ್ಲಿ ಕಾಣೆಯಾಗುವರು. ಯಾರಾದರೂ ಕಾಲಿಗೆ ಬೀಳಲು ಬಂದರೆ ಕೋಲಿನಿಂದ ಹೊಡೆಯುವರು. ತಾವು ಯಾರಿಗೂ ಗುರುವಲ್ಲ, ತಮಗೆ ಶಿಷ್ಯರಿಲ್ಲ ಎಂದು ಕಡೆಯವರೆಗೂ ಸಾಧಿಸಿದರು.

ಕೇಳುವವರು ಯಾರು? ಓಣಿಯವರಲ್ಲದೆ, ಜಾತ್ರೆಯ ದಾರಿಯ ಕುರುಡರು, ಕುಂಟರು, ಕುಷ್ಠರೋಗಿಗಳು, ಗುಡಿಯ ಹೊರಗೆ ಕೈಚಾಚಿ ಕುಳಿತವರು. ಗುಡಿಯೊಳಗಿನ ಕೀರ್ತನೆಯು ಇವರ ಕಿವಿಗೆ ಬೀಳುತ್ತಿರಲಿಲ್ಲ. ಬಾಬಾ ಅದನ್ನು ಇವರ ನಡುವೆ ತಂದಿಳಿಸಿದರು. ಇವರಿಗೆ ಊಟ ಹಾಕುವಾಗ ಸಾಲಾಗಿ ಕೂಡ್ರಿಸಿ, ತಾವೇ ಸವುಟು ಹಿಡಿದು ಬಡಿಸುತ್ತಿದ್ದರು. ನಾವು ಈ ಸಾಲುಗಳನ್ನು ಬರೆಯುವಾಗ ಒಂದು ಮಾತನ್ನು ಮುಚ್ಚಿಡಲಾರೆವು. ಇದೇ ಮುಂಬಯಿಯಲ್ಲಿ ದಿನವಿಡೀ ಕಲ್ಲು ಮಣ್ಣು ಹೊತ್ತು ರಾತ್ರಿ ಫುಟ್‌ಪಾಥಿನ ಮೇಲೆ ಮಲಗುವವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರ ಕಡೆಯವರೂ ಇದ್ದಾರೆ. ಬೆಳಗಿನ ಲೋಕಲ್ ಹಿಡಿಯುವ ಅವಸರದಲ್ಲಿ ಅವರ ಮಾತು ಕಿವಿಗೆ ಬೀಳುತ್ತದೆ. ಅದು ಕನ್ನಡವೆಂದು ತಿಳಿದೂ ನಾವು ನಿಂತು ಮಾತನಾಡಿಸಿದ್ದಿಲ್ಲ.

ಇನ್ನು ಪಂಢರಪುರದ ಮಾತು. ವಿಠಲನು ಕನ್ನಡದವನೆಂದು ಮರಾಠಿ ಸಂತರೇ ಹಾಡಿದ್ದಾರೆ. ನಮ್ಮ ಉತ್ತರದ ಜಿಲ್ಲೆಗಳಿಂದ ಇಂದಿಗೂ ಅಲ್ಲಿಗೆ ದಿಂಡಿಗಳು ಹೋಗುತ್ತವೆ. ಬಾಬಾ ಅವರು ಪ್ರತಿವರ್ಷ ಹೋಗುತ್ತಿದ್ದರು, ಆದರೆ ಗುಡಿಯೊಳಗೆ ಕಾಲಿಡುತ್ತಿರಲಿಲ್ಲವೆಂದು ಹೇಳುತ್ತಾರೆ. ಚಂದ್ರಭಾಗೆಯ ಮರಳಿನ ಮೇಲೆ ಯಾತ್ರಿಕರು ಮಾಡಿದ ಹೊಲಸನ್ನು ಬಳಿಯುವುದೇ ಅವರ ವಿಠಲದರ್ಶನ. ಅಸ್ಪೃಶ್ಯರೆನಿಸಿಕೊಂಡವರಿಗೆ ಗುಡಿಯ ಬಾಗಿಲು ತೆರೆದುದು ಸಾನೇ ಗುರುಜಿಯವರ ಉಪವಾಸದ ತರುವಾಯ, 1947ರಲ್ಲಿ. ಅದಕ್ಕೂ ಎಷ್ಟೋ ಮೊದಲೇ, ಊರಿನಲ್ಲಿ ತಂಗಲು ಎಡೆಯಿಲ್ಲದ ಆ ಯಾತ್ರಿಕರಿಗಾಗಿ ಬಾಬಾ ಅವರು ಧರ್ಮಶಾಲೆ ಕಟ್ಟಿಸಿ ಸಂತ ಚೋಖಾಮೇಳನ ಹೆಸರಿಟ್ಟರು. 1949ರಲ್ಲಿ ಅದನ್ನು ಡಾ. ಅಂಬೇಡಕರರ ಶಿಕ್ಷಣ ಸಂಸ್ಥೆಗೆ ಒಪ್ಪಿಸಿಬಿಟ್ಟರು.

ಹೀಗೆ ನಾಸಿಕ, ಆಳಂದಿ, ದೇಹುಗಳಲ್ಲಿ ಧರ್ಮಶಾಲೆಗಳು. ಬೇರೆಡೆ ಅನ್ನಛತ್ರ, ಗೋಶಾಲೆ, ಹುಡುಗರ ವಸತಿಗೃಹ, ನದಿಗೆ ಘಟ್ಟ. 1954ರಲ್ಲಿ ನಮ್ಮ ಮುಂಬಯಿಯ ಜೆ.ಜೆ. ಆಸ್ಪತ್ರೆಯ ರೋಗಿಗಳ ಸಂಬಂಧಿಕರಿಗಾಗಿ ಒಂದು ಧರ್ಮಶಾಲೆ. ಆಸ್ಪತ್ರೆಯೊಳಗೆ ರೋಗಿಗೆ ಮಂಚವುಂಟು, ಹೊರಗೆ ಕಾಯುವ ಹೆಂಡತಿ ಮಕ್ಕಳು ಫುಟ್‌ಪಾಥಿನ ಪಾಲು ಎಂಬುದನ್ನು ಬೀದಿಯಲ್ಲಿ ಮಲಗಿದ ಮನುಷ್ಯನೇ ಕಾಣಬಲ್ಲನು.

ಇಷ್ಟು ಹಣ ಎಲ್ಲಿಂದ ಬಂದಿತು, ಹೇಗೆ ಉಳಿಯಿತು? ಬಿ.ಕಾಂ. ಓದಿದ ಕಾರಕೂನರಾದ ನಮ್ಮ ಮನಸ್ಸು ಸಹಜವಾಗಿ ಅಲ್ಲಿಗೇ ಓಡುತ್ತದೆ. ಕೀರ್ತನೆಗೆ ಬಂದವರಲ್ಲಿ ಶ್ರೀಮಂತರೂ ಇದ್ದರು, ಲಕ್ಷಗಟ್ಟಲೆ ಕೊಟ್ಟರು. ಬಾಬಾ ಅದರಲ್ಲಿ ತಮಗಾಗಿ ಒಂದು ಹೊಸ ಅಂಗಿಯನ್ನೂ ಹೊಲಿಸಲಿಲ್ಲ. ತಮ್ಮ ಬಂಧುಬಳಗಕ್ಕೆ ಈ ಸಂಸ್ಥೆಗಳಲ್ಲಿ ಯಾವ ಹಕ್ಕೂ ಇಲ್ಲವೆಂದು ಖಂಡಿತ ಮಾಡಿದರು. 1952ರಲ್ಲಿ ಎಲ್ಲವನ್ನೂ ಗಾಡಗೇ ಮಹಾರಾಜ ಮಿಶನ್ ಎಂಬ ವಿಶ್ವಸ್ತ ಸಂಸ್ಥೆಯ ಕೈಗೆ ಕೊಟ್ಟರು. ಪಾವತಿಯಿಲ್ಲದೆ ಹೊಲ ಕಳೆದುಕೊಂಡವನ ಅಳಿಯನು ಕಾಗದಪತ್ರದ ಬೆಲೆಯನ್ನು ಮರೆತಿರಲಿಲ್ಲ. ಭಾವೂರಾವ ಪಾಟೀಲರ ರಯತ ಶಿಕ್ಷಣ ಸಂಸ್ಥೆಗೂ ಅವರ ಆಸರೆಯಿದ್ದಿತು. ಆ ಸಂಸ್ಥೆಯು 1954ರಲ್ಲಿ ಕರಾಡದಲ್ಲಿ ತೆರೆದ ಕಾಲೇಜಿಗೆ ಬಾಬಾ ಅವರ ಹೆಸರನ್ನೇ ಇಟ್ಟಿತು. ಅಕ್ಷರವರಿಯದ ಆ ಮುದುಕನ ಹೆಸರು ಈಗ ಅಮರಾವತಿಯ ವಿಶ್ವವಿದ್ಯಾಲಯಕ್ಕೂ ಇದೆ. 2000ದಿಂದ ಮಹಾರಾಷ್ಟ್ರ ಸರಕಾರವು ಅವರ ಹೆಸರಿನಲ್ಲಿ ಗ್ರಾಮ ಸ್ವಚ್ಛತಾ ಅಭಿಯಾನ ನಡೆಯಿಸಿತು; ಅದರಲ್ಲಿ ಗುಡಿಸಿದ ಹಳ್ಳಿಗರೂ ಇದ್ದರು, ಕಸಬರಿಗೆ ಹಿಡಿದು ಫೋಟೋ ತೆಗೆಯಿಸಿಕೊಂಡವರೂ ಇದ್ದರು.

1923ರಲ್ಲಿ ಮಗ ಗೋವಿಂದನು ತೀರಿಕೊಂಡ ಸುದ್ದಿ ಬಂದಾಗ ಬಾಬಾ ಅವರು ಕೀರ್ತನೆ ಮಾಡುತ್ತ ನಿಂತಿದ್ದರು. ಒಂದು ಗಳಿಗೆ ತಡೆದು ಕೀರ್ತನೆಯನ್ನು ಮುಂದುವರಿಸಿದರು. ಇದನ್ನು ವೈರಾಗ್ಯವೆಂದು ಕೊಂಡಾಡುವವರಿದ್ದಾರೆ. ನಮಗೆ ಕಂಡುಬರುವುದೇ ಬೇರೆ: ಎದುರಿಗೆ ಕುಳಿತವರಲ್ಲಿ ಎಷ್ಟೋ ಜನ ಮಕ್ಕಳನ್ನು ಕಳೆದುಕೊಂಡವರೇ ಇದ್ದಿರಬೇಕು.

ಅವರ ಕೊನೆಯ ಕೀರ್ತನೆ ನಡೆದುದು ಮುಂಬಯಿಯಲ್ಲಿಯೇ, ಬಾಂದ್ರಾದ ಪೋಲೀಸ್ ಠಾಣೆಯಲ್ಲಿ, 1956ರ ನವೆಂಬರ್ 8ರಂದು. ನಮ್ಮ ನಾಡು ಒಂದುಗೂಡಿ ಅಂದಿಗೆ ಎಂಟನೆಯ ದಿನ. ಅದರ ಧ್ವನಿಮುದ್ರಣ ಉಳಿದಿದೆ, ನಾವೂ ಕೇಳಿದ್ದೇವೆ. ವಯಸ್ಸು ಎಂಬತ್ತು, ಆದರೂ ಆ ಕಂಠದಲ್ಲಿ ದಣಿವಿಗಿಂತ ಅವಸರವೇ ಹೆಚ್ಚು. ಡಿಸೆಂಬರ್ 6ರಂದು ಡಾ. ಅಂಬೇಡಕರರು ತೀರಿಕೊಂಡರು. ಆ ಸುದ್ದಿಯು ಬಾಬಾ ಅವರನ್ನು ಬಹಳವಾಗಿ ಕುಗ್ಗಿಸಿತೆಂದು ಹೇಳುತ್ತಾರೆ. ಹದಿನಾಲ್ಕು ದಿನಗಳ ಅನಂತರ, ಡಿಸೆಂಬರ್ 20ರಂದು, ಅಮರಾವತಿಗೆ ಹೋಗುವ ದಾರಿಯಲ್ಲಿ, ವಲಗಾವದ ಹತ್ತಿರ ಪೇಢಿ ನದಿಯ ಸೇತುವೆಯ ಬಳಿ ವಾಹನದಲ್ಲಿಯೇ ಪ್ರಾಣ ಹೋಯಿತು. ಮನೆಯಿಲ್ಲದವರು ಹಾದಿಯಲ್ಲಿಯೇ ಹೋದರು.

ನಮ್ಮ ಮಾವನವರು ನಾಲ್ಕು ತಿಂಗಳ ಮೇಲೆ ಊರಿಗೆ ಮರಳಿದರು. ಹೊರಡುವಾಗ ದಾದರಿನ ಅಂಗಡಿಯೊಂದರಲ್ಲಿ ಬಾಬಾ ಅವರ ಒಂದು ಪಟ ಕೊಡಿಸಿಕೊಂಡರು. ಕಳೆದ ದೀಪಾವಳಿಗೆ ನಾವು ಹೋದಾಗ ನೋಡಿದೆವು. ಜಗುಲಿಯ ಮೇಲೆ ಹುಬ್ಬಳ್ಳಿಯ ಸಿದ್ಧಾರೂಢರ ಮಗ್ಗುಲಲ್ಲಿ ಅದನ್ನು ಇಟ್ಟಿದ್ದಾರೆ. ದಿನವೂ ಹೂ ಏರಿಸಿ ಕೈಮುಗಿಯುತ್ತಾರೆ. ಹಾಗೆ ಮಾಡಿದವರನ್ನು ಬಾಬಾ ಕೋಲಿನಿಂದ ಹೊಡೆಯುತ್ತಿದ್ದರೆಂಬ ಸಂಗತಿಯನ್ನು ನಾವು ಅವರಿಗೆ ಇನ್ನೂ ಹೇಳಿಲ್ಲ.