ಕುದಿನೀರಿನಲ್ಲಿ ಉಳಿದ ಜೀವ: ಫರ್ಡಿನಾಂಡ್ ಕೋನ್

ಹುಳಿಮಾವಿನ ಕೆರೆಯ ದಂಡೆಯಿಂದ ಒಂದು ಹಿಡಿ ಒಣಹುಲ್ಲನ್ನು ತಂದು ನೀರಿನಲ್ಲಿ ನೆನೆಹಾಕಿ, ಸೋಸಿದ ನೀರನ್ನು ಹತ್ತು ನಿಮಿಷ ಕುದಿಸಿ, ಪಾತ್ರೆಯ ಬಾಯಿಗೆ ಹತ್ತಿ ತುರುಕಿ ಬೆಚ್ಚಗಿನ ಕಡೆ ಇಟ್ಟು ನೋಡಿ. ಎರಡು ಮೂರು ದಿನಗಳಲ್ಲಿ ಅದರ ಮೇಲೆ ತೆಳ್ಳನೆಯ ಕೆನೆ ಕಟ್ಟುತ್ತದೆ. ಕುದಿದ ನೀರಿನಲ್ಲಿ ಬದುಕಿ ಉಳಿದುದಾದರೂ ಏನು? ಈ ಪ್ರಶ್ನೆಗೆ 1876ರಲ್ಲಿ ಉತ್ತರ ಕೊಟ್ಟವನು ಜರ್ಮನಿಯ ಸಸ್ಯಶಾಸ್ತ್ರಜ್ಞ ಫರ್ಡಿನಾಂಡ್ ಕೋನ್. ಅದೇ ವರ್ಷ ಅವನು ಮತ್ತೊಬ್ಬನ ಶೋಧಕ್ಕೂ ಬಾಗಿಲು ತೆರೆದನು. ಅವನ ಬಾಳಿನಲ್ಲಿ ನನಗೆ ಹಿರಿದಾಗಿ ತೋರುವುದು ಈ ಎರಡನೆಯದು.

ಕೋನ್ 1828ರ ಜನವರಿ 24ರಂದು ಬ್ರೆಸ್ಲೌ ನಗರದ ಯಹೂದ್ಯರ ಕೇರಿಯಲ್ಲಿ ಜನಿಸಿದನು. ಎರಡು ವರ್ಷ ತುಂಬುವ ಮೊದಲೇ ಓದಬಲ್ಲವನಾಗಿದ್ದನೆಂದು ಹೇಳುವುದುಂಟು. ಹತ್ತು ವರ್ಷದ ಸುಮಾರಿಗೆ ಕಿವಿ ಮಂದವಾಯಿತು. ಊರಿನ ವಿಶ್ವವಿದ್ಯಾನಿಲಯದಲ್ಲಿಯೇ ಓದಿದನಾದರೂ, ಯಹೂದ್ಯನೆಂಬ ಕಾರಣದಿಂದ ಅಲ್ಲಿ ಪದವಿ ಪಡೆಯಲು ಅವನಿಗೆ ಎಡೆ ದೊರೆಯಲಿಲ್ಲ. ಬರ್ಲಿನ್ನಿಗೆ ಹೋಗಿ 1847ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಡಾಕ್ಟರೇಟ್ ಗಳಿಸಿದನು. ಮರಳಿ ಬಂದ ಮಗನಿಗೆ ವರ್ತಕನಾದ ತಂದೆ ಬೆಲೆಬಾಳುವ ಸೂಕ್ಷ್ಮದರ್ಶಕವೊಂದನ್ನು ಕೊಡಿಸಿದನು. ಪದವಿ ನಿರಾಕರಿಸಿದ ಬ್ರೆಸ್ಲೌವಿನಲ್ಲಿಯೇ 1850ರಿಂದ ಕೋನ್ ಪಾಠ ಹೇಳತೊಡಗಿದನು. ಪೂರ್ಣ ಪ್ರಾಧ್ಯಾಪಕನಾಗಲು 1872ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಸಸ್ಯಗಳ ಶರೀರಕ್ರಿಯೆಯ ಅಧ್ಯಯನಕ್ಕೆಂದೇ ಒಂದು ಸಂಸ್ಥೆಯನ್ನೂ, 1870ರಲ್ಲಿ ಒಂದು ಪತ್ರಿಕೆಯನ್ನೂ ಕಟ್ಟಿದ್ದನು.

ಬ್ಯಾಕ್ಟೀರಿಯಗಳೆಂದರೆ ಆಗ ಹೆಸರು ಕುಲವಿಲ್ಲದ ಗೊಂದಲ. 1872ರಲ್ಲಿ ಕೋನ್ ಅವುಗಳನ್ನು ಆಕಾರ ನೋಡಿ ವರ್ಗ ವರ್ಗವಾಗಿ ವಿಂಗಡಿಸಿದನು. ಒಣಹುಲ್ಲಿನ ಕಷಾಯದಲ್ಲಿ ಬೆಳೆಯುವ ಕಡ್ಡಿಯಂಥ ಜೀವಿಗೆ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಹೆಸರು ಬಂದುದು ಅವನಿಂದ.

ಜೀವವು ನಿರ್ಜೀವ ದ್ರವದಿಂದ ತಾನಾಗಿ ಹುಟ್ಟುತ್ತದೆಯೇ ಎಂಬ ವಾದ ಆಗಿನ್ನೂ ತಣ್ಣಗಾಗಿರಲಿಲ್ಲ. ಪಾಸ್ಚರ್ ಇಲ್ಲವೆಂದು ತೋರಿಸಿದ್ದನು. ಆದರೆ ಲಂಡನ್ನಿನ ಬಾಸ್ಟಿಯನ್, ಟರ್ನಿಪ್ ಗಡ್ಡೆ ಮತ್ತು ಚೀಸಿನ ಕಷಾಯವನ್ನು ಕುದಿಸಿದ ಮೇಲೂ ಅದರಲ್ಲಿ ಜೀವಿಗಳು ಕಾಣುತ್ತವೆಂದು ಹಟ ಹಿಡಿದಿದ್ದನು. ಅವನ ಪ್ರಯೋಗ ಸುಳ್ಳಾಗಿರಲಿಲ್ಲ. ಅಲ್ಲಿಯೇ ಇದ್ದುದು ತೊಡಕು. ಜೀವ ತಾನಾಗಿ ಹುಟ್ಟುವುದಾದರೆ ರೋಗಾಣುಗಳಿಂದ ರೋಗವೆಂಬ ಮಾತಿಗೂ ನೆಲೆಯಿರಲಿಲ್ಲ. ಕೋನ್ ಹುಲ್ಲಿನ ಬ್ಯಾಸಿಲಸ್ಸನ್ನು ತಾಳ್ಮೆಯಿಂದ ನೋಡುತ್ತ ಕುಳಿತನು. ಕಡ್ಡಿಗಳ ಒಳಗೆ ಮಿರುಗುವ ಅಂಡಾಕಾರದ ಕಣಗಳು ಮೂಡಿದವು. ಕಡ್ಡಿ ಕರಗಿಹೋದರೂ ಕಣ ಉಳಿಯಿತು. ಹೊಸ ಕಷಾಯದಲ್ಲಿ ಅದು ಮೊಳೆತು ಮತ್ತೆ ಕಡ್ಡಿಯಾಯಿತು. ಕುದಿಯುವ ಶಾಖವನ್ನು ತಾಳಿದವು ಆ ಬೀಜಾಣುಗಳು.

ಆ ವರ್ಷದ ಏಪ್ರಿಲ್ಲಿನಲ್ಲಿ ವೋಲ್‌ಸ್ಟೈನ್ ಎಂಬ ಸಣ್ಣ ಊರಿನ ವೈದ್ಯನೊಬ್ಬನಿಂದ ಕಾಗದ ಬಂತು. ಬರೆದವನು ರಾಬರ್ಟ್ ಕಾಕ್. ದನಕುರಿಗಳನ್ನು ಕೊಲ್ಲುವ ನೆರಡಿ ರೋಗದ ಬ್ಯಾಸಿಲಸ್ಸಿನಲ್ಲಿ ಅವನೂ ಬೀಜಾಣುಗಳನ್ನು ಕಂಡಿದ್ದನು. ರೋಗದಿಂದ ಸತ್ತ ದನ ಬಿದ್ದ ನೆಲ ವರ್ಷಗಟ್ಟಲೆ ಅಪಾಯಕಾರಿಯಾಗಿ ಉಳಿಯುವುದೇಕೆ ಎಂಬುದಕ್ಕೆ ಅದೇ ಉತ್ತರ. ಕಾಕ್‌ನಿಗೆ ವಿಶ್ವವಿದ್ಯಾನಿಲಯದ ಆಸರೆಯಿರಲಿಲ್ಲ. ಕೋನ್ ಅವನನ್ನು ಕರೆಸಿಕೊಂಡು ಮೂರು ದಿನ ಅವನ ಪ್ರಯೋಗಗಳನ್ನು ನೋಡಿದನು; ರೋಗಶಾಸ್ತ್ರಜ್ಞ ಕೋನ್‌ಹೈಮ್‌ನಂಥವರಿಗೂ ಅವುಗಳನ್ನು ಕಾಣುವ ಅವಕಾಶವಾಯಿತು. ತಾನು ಬರೆಯುತ್ತಿದ್ದ ವಿಷಯದಲ್ಲಿಯೇ ಅಪರಿಚಿತನೊಬ್ಬ ಮುಂದೆ ಬಂದಾಗ ಪತ್ರಿಕೆಯ ಸಂಪಾದಕನಿಗೆ ತಡಮಾಡುವ ದಾರಿಗಳು ಎಷ್ಟೋ ಇರುತ್ತವೆ. ಕೋನ್ ಅವುಗಳಲ್ಲಿ ಒಂದನ್ನೂ ಹಿಡಿಯಲಿಲ್ಲ.

ಕಡ್ಡಿಯು ಬೀಜಾಣುವಾಗಲು ಹೊರಡುವುದು ಯಾವ ಅಪ್ಪಣೆಯಿಂದ ಎಂಬುದು ಮಾತ್ರ ಕೋನ್‌ಗೆ ಎಟುಕುವಂತಿರಲಿಲ್ಲ. ಜೀನ್ ಎಂಬ ಶಬ್ದವೇ ಹುಟ್ಟಿದುದು 1909ರಲ್ಲಿ. ಇಂದು ಆ ಕಥೆ ಬಹುಮಟ್ಟಿಗೆ ತಿಳಿದಿದೆ. ಆಹಾರ ಕುಂದಿದಾಗ ಸ್ಪೋ0ಎ ಎಂಬ ಪ್ರೋಟೀನು ಚುರುಕುಗೊಂಡು ಕೆಲವು ಜೀನುಗಳನ್ನು ಎಬ್ಬಿಸುತ್ತದೆ, ಕೆಲವನ್ನು ಮಲಗಿಸುತ್ತದೆ. ಜೀವಕೋಶ ಅಸಮವಾಗಿ ಎರಡಾಗುತ್ತದೆ: ದೊಡ್ಡದು ತಾಯಿ, ಚಿಕ್ಕದು ಮುಂದಿನ ಬೀಜಾಣು. ಯಾವ ಜೀನನ್ನು ಓದಬೇಕೆಂದು ತೋರುವ ಸಿಗ್ಮಾ ಎಂಬ ಪ್ರೋಟೀನುಗಳು ನಾಲ್ಕು. ಮೊದಲನೆಯದು ಚಿಕ್ಕ ಕೋಶದಲ್ಲಿ ಎಚ್ಚರಗೊಂಡು ತಾಯಿಗೆ ಸೂಚನೆ ಕಳಿಸುತ್ತದೆ. ತಾಯಿಯಲ್ಲಿ ಎರಡನೆಯದು, ಮತ್ತೆ ಚಿಕ್ಕದರಲ್ಲಿ ಮೂರನೆಯದು, ಕೊನೆಗೆ ತಾಯಿಯಲ್ಲಿ ನಾಲ್ಕನೆಯದು. ಗೋಡೆಯ ಆಚೆಯಿಂದ ಸುದ್ದಿ ಬಾರದೆ ಈಚೆ ಕೆಲಸ ಮುಂದುವರಿಯುವುದಿಲ್ಲ. ಬೀಜಾಣುವಿಗೆ ಕವಚ ತೊಡಿಸಿ ಸುಮಾರು 8 ಗಂಟೆಗಳಲ್ಲಿ ತಾಯಿ ಒಡೆದು ಸಾಯುತ್ತದೆ. ಈ ವ್ಯವಸ್ಥೆಯನ್ನು ಬಿಡಿಸಿದುದೆಲ್ಲ ಹೆಚ್ಚಾಗಿ ಕೋನ್ ಹೆಸರಿಟ್ಟ ಆ ಹುಲ್ಲಿನ ಬ್ಯಾಸಿಲಸ್ಸಿನಿಂದಲೇ. 1997ರಲ್ಲಿ ಅದರ ಸುಮಾರು 4,100 ಜೀನುಗಳ ಪೂರ್ಣ ಪಟ್ಟಿ ಪ್ರಕಟವಾಯಿತು. ಕಾಕ್‌ನ ಬೀಜಾಣುಗಳೂ ನಮಗೆ ದೂರದವಲ್ಲ; ಬೆಂಗಳೂರಿನ ಹೆಬ್ಬಾಳದಲ್ಲಿ ನೆರಡಿಗೆ ತಯಾರಾಗುವ ಲಸಿಕೆ, ಕೇಡು ಕಳೆದ ಬೀಜಾಣುಗಳದೇ.

ಕೋನ್ 1898ರ ಜೂನ್ 25ರಂದು ಬ್ರೆಸ್ಲೌವಿನಲ್ಲಿ ತೀರಿಕೊಂಡನು. ಅದರ ಹಿಂದಿನ ವರ್ಷ ನಗರವು ಅವನನ್ನು ಗೌರವ ಪೌರನನ್ನಾಗಿ ಮಾಡಿಕೊಂಡಿತ್ತು. ಈಗ ಆ ನಗರ ಪೋಲೆಂಡಿಗೆ ಸೇರಿದೆ. ಅವನ ಪತ್ರಿಕೆಯ 1876ರ ಸಂಪುಟದಲ್ಲಿ ಕೋನ್‌ನ ಲೇಖನ 276ನೆಯ ಪುಟಕ್ಕೆ ಮುಗಿಯುತ್ತದೆ. ಕಾಕ್‌ನ ಲೇಖನ 277ನೆಯ ಪುಟದಿಂದ ಮೊದಲಾಗುತ್ತದೆ.